“60 ಮೀಟರ್ ಸಿಕ್ಕಿದೆ” ಅಂದ ದಿನವೇ ದುಡ್ಡು ಹಾಕಿದೆ, ನೀವು ಹಾಗೆ ಮಾಡಬೇಡಿ

ನಾನು ಪಶ್ಚಿಮ ಆಸ್ಟ್ರೇಲಿಯಾದ ಪರ್ತ್‌ನಲ್ಲಿದ್ದೇನೆ. ಈ ಊರಿನಲ್ಲಿ ಯಾರ ಜೊತೆ ಮಾತಿಗೆ ಕೂತರೂ ಗಣಿ ವಿಷಯ ಬಂದೇ ಬರುತ್ತದೆ. 2022ರ ಕೊನೆಗೆ ಎಲ್ಲರ ಬಾಯಲ್ಲೂ ಲಿಥಿಯಂ. ಚೀನಾದಲ್ಲಿ ಲಿಥಿಯಂ ಕಾರ್ಬೊನೇಟ್ ಬೆಲೆ ಟನ್ನಿಗೆ 6 ಲಕ್ಷ ಯುವಾನ್ ಹತ್ತಿರ ಇತ್ತು. ಯಾವ ಕಂಪನಿ ಎಲ್ಲಿ ಕೊರೆಯುತ್ತಿದೆ ಅನ್ನೋದನ್ನು ಜನ ಕ್ರಿಕೆಟ್ ಸ್ಕೋರ್ ತರಹ ಹೇಳುತ್ತಿದ್ದರು.

ಆಗ ಒಂದು ಸಣ್ಣ ಕಂಪನಿಯ ಪ್ರಕಟಣೆ ಬಂತು. ಅದಕ್ಕೆ ಗಣಿ ಇಲ್ಲ, ಆದಾಯ ಇಲ್ಲ. ಇರುವುದು ಹುಡುಕಾಟದ ಪರವಾನಗಿ ಮಾತ್ರ. ಮೊದಲ ಬೋರ್‌ನಲ್ಲೇ 60 ಮೀಟರ್ ಪೆಗ್ಮಟೈಟ್ (ಕೆಲವೊಮ್ಮೆ ಲಿಥಿಯಂ ಸಿಗುವ ಒಂದು ಬಗೆಯ ಕಲ್ಲು) ಸಿಕ್ಕಿದೆ, ಅದರಲ್ಲಿ ಲಿಥಿಯಂ ಇರುವ ಸ್ಪೊಡ್ಯುಮೀನ್ ಖನಿಜ ಕಣ್ಣಿಗೆ ಕಾಣುತ್ತಿದೆ ಅಂತ ದೊಡ್ಡ ಅಕ್ಷರದಲ್ಲಿ ಬರೆದಿದ್ದರು. ಹಿಂದಿನ ದಿನ 7 ಸೆಂಟ್ ಇದ್ದ ಷೇರು ಮಧ್ಯಾಹ್ನಕ್ಕೆ 14 ಸೆಂಟ್. ಮನೆಯ ಡೌನ್ ಪೇಮೆಂಟ್‌ಗೆ ಅಂತ ಇಟ್ಟಿದ್ದ 18,000 ಡಾಲರ್ ಅವತ್ತೇ ಹಾಕಿದೆ. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಗೆಳೆಯನಿಗೂ ಫೋನ್ ಮಾಡಿದೆ. “ನಿನಗೆ ನಂಬಿಕೆ ಇದೆಯೇನಪ್ಪಾ?” ಅಂತ ಒಂದೇ ಮಾತು ಕೇಳಿದ. ಇದೆ ಅಂದೆ. ಅವನು ಎಂಟು ಸಾವಿರ ಹಾಕಿದ. ನನ್ನ ದುಡ್ಡಿಗಿಂತ ಆ ಎಂಟು ಸಾವಿರ ನನ್ನನ್ನು ಇವತ್ತಿಗೂ ಕಾಡುತ್ತದೆ.

ಮೂರನೇ ದಿನ ಷೇರು 17 ಸೆಂಟ್ ಮುಟ್ಟಿತು. ನಾಲ್ಕನೇ ದಿನ ಟ್ರೇಡಿಂಗ್ ಹಾಲ್ಟ್, ಅಂದರೆ ಷೇರಿನ ವಹಿವಾಟು ತಾತ್ಕಾಲಿಕವಾಗಿ ಬಂದ್. ಇನ್ನೂ ಒಳ್ಳೆಯ ಸುದ್ದಿ ಇರಬೇಕು ಅಂದುಕೊಂಡೆವು. ಎರಡು ದಿನ ಬಿಟ್ಟು ಗೊತ್ತಾಯಿತು, ಕಂಪನಿ ದೊಡ್ಡ ಹೂಡಿಕೆದಾರರಿಗೆ 11 ಸೆಂಟಿಗೆ ಹೊಸ ಷೇರು ಮಾರಿತ್ತು. ಜೊತೆಗೆ ಪುಕ್ಕಟೆ ಆಪ್ಷನ್ ಬೇರೆ, ಅಂದರೆ ಮುಂದೆ ಗೊತ್ತಾದ ಬೆಲೆಗೆ ಇನ್ನಷ್ಟು ಷೇರು ಕೊಳ್ಳುವ ಹಕ್ಕು. 14ಕ್ಕೆ ಕೊಂಡ ನಮ್ಮಂಥವರು ಅಲ್ಲೇ ಕೆಳಗೆ ಬಿದ್ದೆವು.

ಲ್ಯಾಬ್ ವರದಿ ಬಂದಿದ್ದು ಒಂಬತ್ತು ವಾರದ ಮೇಲೆ. ಆ 60 ಮೀಟರ್‌ನಲ್ಲಿ ಹೇಳಿಕೊಳ್ಳುವಂಥ ಲಿಥಿಯಂ ಇದ್ದಿದ್ದು 4 ಮೀಟರ್‌ನಲ್ಲಿ ಮಾತ್ರ. ಅದೂ ಶೇ 0.6 ಲಿಥಿಯಂ ಆಕ್ಸೈಡ್. ಇದೇ ರಾಜ್ಯದ ಗ್ರೀನ್‌ಬುಷಸ್ ಗಣಿಯ ಅದಿರು ಶೇ 2ರ ಆಸುಪಾಸಿನದು. ಆದರೂ ಆ ದಿನದ ಪ್ರಕಟಣೆಯ ತಲೆಬರಹದಲ್ಲಿ “ದೊಡ್ಡ ಖನಿಜ ವ್ಯವಸ್ಥೆ ದೃಢಪಟ್ಟಿದೆ” ಅಂತಿತ್ತು. ಷೇರು 6 ಸೆಂಟಿಗೆ ಬಂತು. ಈಗ ಒಂದು ಸೆಂಟೂ ಇಲ್ಲ.

ಆಮೇಲೆ ಒಂದು ಭಾನುವಾರ ಕೂತು ಮೊದಲ ಪ್ರಕಟಣೆಯನ್ನು ಕೊನೆಯ ಪುಟದವರೆಗೂ ಓದಿದೆ. ಕೊಳ್ಳುವಾಗ ಓದಿದ್ದು ಒಂದೂವರೆ ಪುಟ. ಅಷ್ಟೂ ಪುಟದಲ್ಲಿ ಸುಳ್ಳು ಒಂದೂ ಇರಲಿಲ್ಲ. ನನಗೆ ಜಾಸ್ತಿ ನೋವಾಗಿದ್ದು ಅದಕ್ಕೇ. ಕಣ್ಣಂದಾಜು ಲ್ಯಾಬ್ ಪರೀಕ್ಷೆಗೆ ಸಮ ಅಲ್ಲ ಅಂತ ಅವರೇ ಬರೆದಿದ್ದರು. 60 ಮೀಟರ್ ಅನ್ನೋದು ಬೋರ್ ಸಾಗಿದ ಉದ್ದ, ಕಲ್ಲಿನ ನಿಜವಾದ ದಪ್ಪ ಇನ್ನೂ ಗೊತ್ತಿಲ್ಲ ಅಂತಲೂ ಇತ್ತು. ಸಣ್ಣ ಅಕ್ಷರದಲ್ಲಿ, ಟೇಬಲ್ ಒಳಗೆ.

ಈ ದಪ್ಪದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಹಲಗೆಗೆ ಮೇಲಿನಿಂದ ಮೊಳೆ ಹೊಡೆದರೆ ಒಂದಿಂಚಿಗೆ ಆಚೆ ಬರುತ್ತದೆ. ಅದೇ ಹಲಗೆಯ ಅಂಚಿನಿಂದ ಉದ್ದಕ್ಕೆ ಹೊಡೆದರೆ ಇಡೀ ಮೊಳೆ ಮರದ ಒಳಗೇ ಇರುತ್ತದೆ. ಪೆಗ್ಮಟೈಟ್ ನೆಲದೊಳಗೆ ಓರೆಯಾಗಿ ಮಲಗಿದ ಹಲಗೆ ಇದ್ದ ಹಾಗೆ. ಬೋರ್ ಕೂಡ ಅದೇ ಓರೆಯಲ್ಲಿ ಇಳಿದರೆ 60 ಮೀಟರ್ ಏನು, 100 ಮೀಟರ್ ಬೇಕಾದರೂ ಸಿಗುತ್ತದೆ. ಬೋರ್ ಯಾವ ದಿಕ್ಕಿಗೆ, ಎಷ್ಟು ಡಿಗ್ರಿ ಓರೆ ಅಂತ ಟೇಬಲ್‌ನಲ್ಲಿ ಕೊಟ್ಟಿರುತ್ತಾರೆ. ನೆಲವನ್ನು ಅಡ್ಡ ಸೀಳಿದ ಹಾಗೆ ತೋರಿಸುವ ಚಿತ್ರ ಇದ್ದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಚಿತ್ರವೇ ಇಲ್ಲ ಅಂದರೆ ನಾನಂತೂ ಈಗ ಆ ಕಡೆ ತಲೆ ಹಾಕುವುದಿಲ್ಲ.

ಚಿನ್ನದ ಕಂಪನಿಗಳಲ್ಲಿ ಇನ್ನೊಂದು ತರಹ. “20 ಮೀಟರ್, ಟನ್ನಿಗೆ 1 ಗ್ರಾಂ, ಅದರಲ್ಲಿ 1 ಮೀಟರ್ 16 ಗ್ರಾಂ” ಅಂತ ಬರೆಯುತ್ತಾರೆ ಅಂದುಕೊಳ್ಳಿ. ಲೆಕ್ಕ ಹಾಕಿ ನೋಡಿ. 20 ಮೀಟರನ್ನು 1 ಗ್ರಾಂನಿಂದ ಗುಣಿಸಿದರೆ ಒಟ್ಟು 20. ಅದರಲ್ಲಿ 16 ಆ ಒಂದು ಮೀಟರ್‌ನಿಂದಲೇ ಬಂತು. ಉಳಿದ 19 ಮೀಟರ್‌ಗೆ ಸರಾಸರಿ 0.2 ಗ್ರಾಂ. ಒಂದು ಚಮಚ ತುಪ್ಪವನ್ನು ಇಡೀ ಪಾತ್ರೆ ಅನ್ನಕ್ಕೆ ಸವರಿ, ತುಪ್ಪದನ್ನ ಅಂದ ಹಾಗೆ ಅಲ್ವಾ? ಹತ್ತು ಬೋರ್ ಕೊರೆದು ಎರಡರ ಫಲಿತಾಂಶ ಮಾತ್ರ ಮೊದಲ ಪುಟದಲ್ಲಿ ಇದ್ದರೆ, ಉಳಿದ ಎಂಟನ್ನು ಕೊನೆಯ ಟೇಬಲ್‌ನಲ್ಲಿ ಹುಡುಕಿ.

ನಾನು ಕೋಲಾರ ಜಿಲ್ಲೆಯವನು. ಬೋರ್‌ವೆಲ್ ಕೊರೆಸುವುದನ್ನು ನೋಡುತ್ತಲೇ ಬೆಳೆದವನು. ಇನ್ನೂರು ಅಡಿಗೆ ಹಸಿ ಮಣ್ಣು ಬಂತು ಅಂತ ಯಾರೂ ಮೋಟಾರ್ ತರಲು ಓಡುವುದಿಲ್ಲ. ಎಷ್ಟು ಇಂಚು ನೀರು ಅಂತ ಕೇಳುತ್ತಾರೆ. ಅಪ್ಪ ಒಂದು ಬೋರ್‌ಗೆ ಅಷ್ಟು ಪ್ರಶ್ನೆ ಕೇಳುತ್ತಿದ್ದರು. ಪ್ರಕಟಣೆ ಓದುವಾಗ ನಾನು ಒಂದನ್ನೂ ಕೇಳಲಿಲ್ಲ.

ಊರ ಕಡೆಯ ಸುದ್ದಿಗಳಲ್ಲೂ ಇದೇ ಆಗಿದೆ. 2020ರ ಫೆಬ್ರವರಿಯಲ್ಲಿ ಉತ್ತರ ಪ್ರದೇಶದ ಸೋನಭದ್ರದಲ್ಲಿ 3,000 ಟನ್ ಚಿನ್ನ ಅಂತ ಟಿವಿಯಲ್ಲೆಲ್ಲ ಬಂತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಕೊಟ್ಟ ಲೆಕ್ಕ ಬೇರೆಯೇ ಇತ್ತು: ಸುಮಾರು 52,806 ಟನ್ ಅದಿರು, ಟನ್ನಿಗೆ 3.03 ಗ್ರಾಂ, ಅಂದರೆ 160 ಕಿಲೋ ಚಿನ್ನ. ಮಂಡ್ಯದ ಮರಳಗಾಲದಲ್ಲಿ 14,100 ಟನ್ ಲಿಥಿಯಂ ಅಂದರು. ಅಣುಶಕ್ತಿ ಇಲಾಖೆಯ ಅಧಿಕೃತ ಅಂದಾಜು 1,600 ಟನ್. ಅದೂ “ಇನ್ಫರ್ಡ್” ಅನ್ನುವ, ನಂಬಿಕೆ ತೀರಾ ಕಡಿಮೆ ಇರುವ ವರ್ಗದಲ್ಲಿ.

ಖನಿಜ ನಿಜವಾಗಿಯೂ ಇದ್ದರೂ ಷೇರು ಕೊಂಡವರು ಬಚಾವಾಗುತ್ತಾರೆ ಅಂತೇನಿಲ್ಲ. ಇಲ್ಲಿನ ಹಳಬರು ಪೊಸೈಡನ್ ಅನ್ನೋ ಗಣಿ ಕಂಪನಿಯ ಕಥೆ ಹೇಳುತ್ತಾರೆ. 1969ರಲ್ಲಿ ಇದೇ ರಾಜ್ಯದ ವಿಂಡಾರಾದಲ್ಲಿ ನಿಕ್ಕಲ್ ಸಿಕ್ಕಿತು. ಆ ಸೆಪ್ಟೆಂಬರ್‌ನಲ್ಲಿ ಒಂದು ಡಾಲರ್‌ಗಿಂತ ಕಡಿಮೆ ಇದ್ದ ಷೇರು ಮುಂದಿನ ಫೆಬ್ರವರಿಗೆ 280 ಡಾಲರ್ ಆಯಿತು. ಆಮೇಲೆ ನೋಡಿದರೆ ಅದಿರಿನಲ್ಲಿ ಅಂದುಕೊಂಡಷ್ಟು ನಿಕ್ಕಲ್ ಇರಲಿಲ್ಲ, ಗಣಿ ಶುರುವಾಗುವ ಹೊತ್ತಿಗೆ ನಿಕ್ಕಲ್ ಬೆಲೆಯೂ ಇಳಿದಿತ್ತು. 1976ರಲ್ಲಿ ಕಂಪನಿಯನ್ನು ಷೇರುಪೇಟೆಯಿಂದಲೇ ತೆಗೆದರು. ಲಿಥಿಯಂ ಕಾರ್ಬೊನೇಟ್ ಕೂಡ 2023ರ ಕೊನೆಗೆ 1 ಲಕ್ಷ ಯುವಾನ್ ಹತ್ತಿರಕ್ಕೆ ಬಿದ್ದಿತ್ತು.

ಒಂದೇ ಒಂದು ಕಾಗದ ನೋಡಿ ಅಂದರೆ ನಾನು “ಅಪೆಂಡಿಕ್ಸ್ 5ಬಿ” ಅನ್ನುತ್ತೇನೆ. ಆಸ್ಟ್ರೇಲಿಯಾ ಷೇರುಪೇಟೆಯಲ್ಲಿರುವ ಇಂಥ ಕಂಪನಿಗಳು ಪ್ರತಿ ಮೂರು ತಿಂಗಳಿಗೊಮ್ಮೆ ಇದನ್ನು ಕೊಡಲೇಬೇಕು. ಕೊರೆಯಲು ಎಷ್ಟು ಖರ್ಚಾಯಿತು, ಆಫೀಸು ಸಂಬಳಕ್ಕೆ ಎಷ್ಟು ಹೋಯಿತು, ಕೈಯಲ್ಲಿರುವ ದುಡ್ಡು ಇನ್ನೆಷ್ಟು ತ್ರೈಮಾಸಿಕಕ್ಕೆ ಸಾಕು, ಎಲ್ಲ ಅದರಲ್ಲಿದೆ. ನನ್ನ ಕಂಪನಿಯದು ಅಕ್ಟೋಬರ್ ಕೊನೆಗೇ ಬಂದಿತ್ತು. ಎರಡು ತ್ರೈಮಾಸಿಕಕ್ಕೂ ದುಡ್ಡು ಸಾಲದು ಅಂತ ಅದರಲ್ಲೇ ಇತ್ತು. ನಾನು ಕೊಂಡಿದ್ದು ನವೆಂಬರ್‌ನಲ್ಲಿ. ಅವರಿಗೆ ದುಡ್ಡು ಬೇಕಿತ್ತು, ಅದಕ್ಕೆ ಮೊದಲು ಷೇರು ಏರಬೇಕಿತ್ತು. ಆ ಕಾಗದ ನೋಡಿದ್ದರೆ ಇಷ್ಟು ಹೊಳೆಯುತ್ತಿತ್ತು.

ಗೆಳೆಯನಿಗೆ ನಾಲ್ಕು ಸಾವಿರ ವಾಪಸ್ ಕೊಟ್ಟಿದ್ದೇನೆ. ಬೇಡ ಅಂದ, ಒತ್ತಾಯ ಮಾಡಿ ಕೊಟ್ಟೆ. ಉಳಿದಿದ್ದನ್ನು ಈ ವರ್ಷ ಕೊಡುತ್ತೇನೆ. ಆ ಕಂಪನಿ ಈಗ ಹೆಸರು ಬದಲಿಸಿಕೊಂಡು ಚಿನ್ನ ಹುಡುಕುತ್ತಿದೆ. ಹೋದ ತಿಂಗಳು ಮತ್ತೊಂದು ಕೊರೆತದ ಪ್ರಕಟಣೆ ಬಂತು, ಲ್ಯಾಬ್ ಫಲಿತಾಂಶ ಇನ್ನೂ ಬಂದಿಲ್ಲ. ಇಂಥದ್ದೊಂದು ನಿಮ್ಮ ಕೈಗೆ ಬಂದು, ಟೇಬಲ್ ಅರ್ಥವಾಗದಿದ್ದರೆ ನನಗೆ ಕಳಿಸಿ. ಕೊಳ್ಳುವ ಮೊದಲೇ ಕಳಿಸಿ. ಇಬ್ಬರೂ ಕೂತು ಓದೋಣ.