ಫೀಡ್ ಚೀಲದ ಮೇಲಿನ 'ಪ್ರೋಟೀನ್ 22%' ನಂಬಬೇಡಿ: ಹಸು ಸಾಕುವವರು ಓದಿ

ಕಡಿಮೆ ರೇಟಿಗೆ ಮನೆ ಬಾಗಿಲಿಗೇ ಬರುವ ಪಶು ಆಹಾರವನ್ನು ಇಳಿಸಿಕೊಳ್ಳುವ ಮುಂಚೆ ಇದನ್ನು ಓದಿ. ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಹಸು ಸತ್ತೇ ಹೋಗುತ್ತಿತ್ತು.

ಗೂಡ್ಸ್ ಆಟೋದಲ್ಲಿ ತಂದು ಮಾರುವವನ ಹತ್ತಿರ ತೆಗೆದುಕೊಂಡ ಫೀಡ್ ಅದು. ಹೊಸ ಚೀಲ ಬಿಚ್ಚಿ ಹಾಕಿ ಅರ್ಧ ಗಂಟೆ ಆಗಿರಲಿಲ್ಲ, ಹಸು ನಡುಗತೊಡಗಿತು. ಜೊಲ್ಲು ಸುರಿಯಿತು, ಹೊಟ್ಟೆ ಉಬ್ಬಿತು. ಡಾಕ್ಟರು ಬಂದು ಚೀಲ ಸುರಿಸಿ ನೋಡಿದರು. ಅಲ್ಲಲ್ಲಿ ಬಿಳಿ ಗಂಟುಗಳು. ಯೂರಿಯಾ! ತಣ್ಣೀರಿಗೆ ವಿನೆಗರ್ ಬೆರೆಸಿ ಕುಡಿಸಿದರು. ಹಸು ಉಳಿಯಿತು, ಆದರೆ ಆ ಸೂಲು ಪೂರ್ತಿ ಹಾಲು ಮೊದಲಿನಷ್ಟು ಬರಲಿಲ್ಲ.

ಮಾರಿದವನಿಗೆ ಫೋನ್ ಮಾಡಿದರೆ, "ಅಣ್ಣ, ಪ್ರೋಟೀನ್ 22 ಅಂತ ಬರ್ದಿದೆ ಅಲ್ವಾ? ಲ್ಯಾಬಿಗೆ ಕಳ್ಸಿ, 22 ಬಂದೇ ಬರುತ್ತೆ" ಅಂದ. ಹೊಟ್ಟೆ ಉರಿಯುವುದು ಇಲ್ಲೇ. ಅವನು ಹೇಳಿದ್ದು ನಿಜವೇ ಇರಬಹುದು.

ಲ್ಯಾಬಿನಲ್ಲಿ 'ಕ್ರೂಡ್ ಪ್ರೋಟೀನ್' ನೋಡುವಾಗ ಪ್ರೋಟೀನನ್ನೇ ಅಳೆಯುವುದಿಲ್ಲ. ಸಾರಜನಕ ಎಷ್ಟಿದೆ ನೋಡಿ, 6.25ರಿಂದ ಗುಣಿಸುತ್ತಾರೆ. ಅದು ಹಿಂಡಿಯಿಂದ ಬಂತೋ ಗೊಬ್ಬರದಿಂದ ಬಂತೋ ಈ ಲೆಕ್ಕಕ್ಕೆ ಗೊತ್ತಾಗದು. ಯೂರಿಯಾದಲ್ಲಿ ಸಾರಜನಕ 46%. ಒಂದು ಕೆಜಿ ಯೂರಿಯಾ ಈ ಲೆಕ್ಕದಲ್ಲಿ 2.8 ಕೆಜಿಗೂ ಜಾಸ್ತಿ 'ಪ್ರೋಟೀನ್' ಆಗುತ್ತದೆ! ಅಂದರೆ 50 ಕೆಜಿ ಚೀಲದಲ್ಲಿ ಒಂದೇ ಕೆಜಿ ಯೂರಿಯಾ ಇದ್ದರೆ 16% ಇರುವ ಮಾಲು ಸುಮಾರು 22% ತೋರಿಸುತ್ತದೆ.

2007ರಲ್ಲಿ ಅಮೆರಿಕದಲ್ಲಿ ಇದೇ ಆಟ ನಡೆದಿತ್ತು. ಚೀನಾದಿಂದ ಬಂದ ಗೋಧಿ ಗ್ಲುಟೆನ್‌ಗೆ (ಗೋಧಿಯ ಪ್ರೋಟೀನ್) ಮೆಲಮೈನ್ ಬೆರೆಸಿದ್ದರು. ಇದು ಪ್ಲಾಸ್ಟಿಕ್ ಮಾಡಲು ಬಳಸುವ ರಾಸಾಯನಿಕ, ಇದರಲ್ಲೂ ಸಾರಜನಕ ಜಾಸ್ತಿ. ಆ ಗ್ಲುಟೆನ್ ನಾಯಿ, ಬೆಕ್ಕುಗಳ ಆಹಾರಕ್ಕೆ ಸೇರಿತು. ಕಿಡ್ನಿ ಕೆಟ್ಟು ಎಷ್ಟೋ ಪ್ರಾಣಿಗಳು ಸತ್ತವು. ಯಾವ ಪದಾರ್ಥಕ್ಕೆ ಏನು ಹೆಸರು, ಅದರಲ್ಲಿ ಏನಿರಬೇಕು ಅಂತ ಬರೆದಿಟ್ಟುಕೊಂಡಿರುವ ದೇಶದಲ್ಲೇ ಹೀಗಾದರೆ ನಮ್ಮ ಗೂಡ್ಸ್ ಆಟೋ ಫೀಡನ್ನು ಕೇಳುವವರು ಯಾರು?

ಯೂರಿಯಾ ಅಂದ ಕೂಡಲೇ ಕಲಬೆರಕೆ ಅನ್ನಬೇಡಿ. ದೊಡ್ಡ ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಸ್ವಲ್ಪ ಯೂರಿಯಾವನ್ನು ಪ್ರೋಟೀನ್ ಮಾಡಿಕೊಳ್ಳುತ್ತವೆ. ಪಶು ಆಹಾರಕ್ಕಿರುವ ಭಾರತೀಯ ಮಾನದಂಡ ಐಎಸ್ 2052 ಕೂಡ 1%ವರೆಗೆ ಒಪ್ಪುತ್ತದೆ. ಆದರೆ ಚೆನ್ನಾಗಿ ಬೆರೆಸಿರಬೇಕು. ಸಣ್ಣ ಕರುಗಳಿಗೆ ಮಾತ್ರ ಬೇಡವೇ ಬೇಡ, ಅವುಗಳ ಹೊಟ್ಟೆ ಇನ್ನೂ ಅದಕ್ಕೆ ತಯಾರಾಗಿರುವುದಿಲ್ಲ.

ನಮ್ಮ ಚೀಲದ ಮೇಲೆ ಯೂರಿಯಾ ಅನ್ನುವ ಪದವೇ ಇರಲಿಲ್ಲ. 'ಹಿಂಡಿಗಳು, ಧಾನ್ಯಗಳು, ಖನಿಜಾಂಶ', ಅಷ್ಟೇ. ಯಾವ ಹಿಂಡಿ? ಕಡಲೆಕಾಯಿ ಹಿಂಡಿಯೂ ಹಿಂಡಿ, ಹರಳು ಹಿಂಡಿಯೂ ಹಿಂಡಿ. ಹರಳು ಹಿಂಡಿಯನ್ನು ನಾವು ಹೊಲಕ್ಕೆ ಹಾಕುತ್ತೇವೆ, ಹಾಗೇ ತಿನ್ನಿಸಿದರೆ ವಿಷ. ಇಂಥ ಗೋಲ್‌ಮಾಲ್ ಹೆಸರಿದ್ದರೆ ಚೀಲ ವಾಪಸ್ ಕಳಿಸಿ.

ಅಂಗಡಿಯವರ ಹತ್ತಿರ ಯೂರಿಯಾ ಎಷ್ಟು ಪರ್ಸೆಂಟ್ ಅಂತ ಬಾಯಿಬಿಟ್ಟು ಕೇಳಿ. ಲ್ಯಾಬಿಗೆ ಕಳಿಸಿದರೆ ಕ್ರೂಡ್ ಪ್ರೋಟೀನ್ ಜೊತೆಗೆ ಯೂರಿಯಾವನ್ನೂ ಬೇರೆಯಾಗಿ ನೋಡಲು ಹೇಳಿ. ಬಿಲ್ ಬಿಡಬೇಡಿ. ನಮಗೆ ಬಿಲ್ ಕೊಟ್ಟಿರಲಿಲ್ಲ, ಚೀಲದ ಮೇಲೆ ಬ್ಯಾಚ್ ನಂಬರೂ ಇರಲಿಲ್ಲ. ಹಾಗಾಗಿ ದೂರು ಕೊಡೋಣ ಅಂದರೆ ತೋರಿಸಲು ಕೈಯಲ್ಲಿ ಏನೂ ಇಲ್ಲ.