ಬಾಣಂತಿ ಉಂಡಿಗೆ ಬ್ರೂಕ್ಲಿನ್‌ನ ಸಹಾದಿ ಅಂಗಡಿ

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ತಾಯಂದಿರೇ, ಬಾಣಂತಿ ಉಂಡಿಗೆ ಹಾಕುವ ಅಂಟನ್ನು ಬೇಕಾದರೆ ಊರಿಂದ ತನ್ನಿ. ಬಾದಾಮಿ, ಪಿಸ್ತಾ, ಅಂಜೂರ, ಖರ್ಜೂರ ಹೊತ್ತು ತರಬೇಡಿ. ನ್ಯೂಯಾರ್ಕ್ ಹತ್ತಿರವಿದ್ದರೆ ಬ್ರೂಕ್ಲಿನ್‌ನ ಅಟ್ಲಾಂಟಿಕ್ ಅವೆನ್ಯೂದಲ್ಲಿರುವ ಸಹಾದಿ ಅಂಗಡಿಗೆ ಹೋಗಿ.

ನನ್ನ ತವರುಮನೆಯವರದು ಧಾರವಾಡದಲ್ಲಿ ಕಿರಾಣಿ ವ್ಯಾಪಾರ. ಮಾಲು ಹಳೆಯದೋ ಹೊಸದೋ ಅಂತ ಮೂಸಿದರೆ ತಿಳಿಯುತ್ತದೆ. ಮನೆ ಹತ್ತಿರದ ದೊಡ್ಡ ಅಂಗಡಿಯೊಂದರಿಂದ ಅಳಿಯ ತಂದ ಪ್ಯಾಕೆಟ್ ಅಕ್ರೋಟು ಕಮಟು ಹಿಡಿದಿತ್ತು. ಬಾಣಂತಿಗೆ ಅದನ್ನು ಹೇಗೆ ಕೊಡುವುದು? ಸಹಾದಿಯಲ್ಲಿ ಇವೆಲ್ಲ ಬಿಡಿ ಮಾಲು. ನಂಬರ್ ಚೀಟಿ ತಗೊಂಡು ನಿಂತರೆ, ಸರದಿ ಬಂದಾಗ ಕೇಳಿದಷ್ಟು ತೂಗಿ ಕೊಡುತ್ತಾರೆ. ಉಂಡಿಗೆ ಅಂಜೂರ ಬೇಕು ಅಂತ ಅಳಿಯ ವಿವರಿಸಿದಾಗ ತೂಗುವವರು ದೊಡ್ಡದನ್ನು ಬಿಟ್ಟು ಮೆತ್ತಗಿನ ಸಣ್ಣ ಅಂಜೂರ ತೋರಿಸಿದರು. ಬಿಡಿಸಿ ನೋಡಿದೆ: ಒಳಗೆ ಜೇನಿನ ಬಣ್ಣ, ಬೀಜ ಒಣಗಿಲ್ಲ, ಬೆರಳಿಗೆ ಅಂಟುತ್ತದೆ. ಕುಟ್ಟಿದರೆ ಬೆಲ್ಲದ ಪಾಕಕ್ಕೆ ತಾನಾಗಿ ಕೂಡಿಕೊಂಡಿತು.

ಈ ಕೈಪಳಗಿಕೆ ಒಂದು ದಿನದ್ದಲ್ಲ. ಲೆಬನಾನ್ ಮೂಲದ ಅಬ್ರಹಾಂ ಸಹಾದಿ 1895ರಲ್ಲಿ ಮ್ಯಾನ್‌ಹಟನ್‌ನ ವಾಷಿಂಗ್ಟನ್ ಸ್ಟ್ರೀಟ್‌ನಲ್ಲಿ ಆಮದು ವ್ಯಾಪಾರ ಶುರುಮಾಡಿದರು. ಅರಬ್ಬಿ ಮಂದಿ ನೆಲೆಸಿದ್ದ ಆ ಓಣಿಗೆ ಆಗ ‘ಲಿಟಲ್ ಸಿರಿಯಾ’ ಅಂತಲೇ ಹೆಸರು. ಊರು ಬಿಟ್ಟು ಬಂದವರಿಗೆ ಊರಿನ ತಿನಿಸು ತರಿಸಿಕೊಡುವುದೇ ದಂಧೆ. ಅದೇ ಮನೆತನದ ವೇಡ್ ಸಹಾದಿ ಅಲ್ಲಿಯೇ ಕೆಲಸ ಕಲಿತು ತಮ್ಮದೇ ಅಂಗಡಿ ಇಟ್ಟರು. ನದಿಯಡಿ ಬ್ರೂಕ್ಲಿನ್‌ಗೆ ಸುರಂಗ ಕೊರೆಯುವಾಗ ಆ ಓಣಿಯ ಬಹುಭಾಗ ನೆಲಸಮವಾಯಿತು. ಮಂದಿ ಚದುರಿದರು, ಗಿರಾಕಿಗಳು ಬ್ರೂಕ್ಲಿನ್ ಸೇರಿದರು. ವೇಡ್ ಕೂಡ 1948ರಲ್ಲಿ ಅಟ್ಲಾಂಟಿಕ್ ಅವೆನ್ಯೂಗೆ ಬಂದರು. ಆಮೇಲೆ ಮಗ ಚಾರ್ಲಿ, ಈಗ ಚಾರ್ಲಿಯವರ ಮಕ್ಕಳು ಕ್ರಿಸ್ಟೀನ್ ಮತ್ತು ರಾನ್. 2017ರಲ್ಲಿ, ಅಮೆರಿಕದ ಊಟ-ತಿನಿಸಿನ ಲೋಕದಲ್ಲಿ ದೊಡ್ಡದೆನಿಸಿದ ಜೇಮ್ಸ್ ಬಿಯರ್ಡ್ ಪ್ರತಿಷ್ಠಾನದ ಪ್ರಶಸ್ತಿಯೂ ಬಂತು.

ಓಣಿಯೇ ಹೋದ ಮೇಲೂ ವ್ಯಾಪಾರ ಉಳಿದದ್ದು ನನಗೆ ದೊಡ್ಡದಾಗಿ ಕಂಡಿತು. ಅಂಗಡಿ ಜಾಗಕ್ಕೆ ಅಂಟಿಕೊಳ್ಳಲಿಲ್ಲ, ಗಿರಾಕಿಯ ಹಿಂದೆ ಹೋಯಿತು. ಈಗ ಅರಬ್ಬಿ ಮನೆಯವರಷ್ಟೇ ಅಲ್ಲ, ನಮ್ಮಂಥವರೂ ಚೀಟಿ ಹಿಡಿದು ನಿಲ್ಲುತ್ತೇವೆ.

ದಾಳಿಂಬೆ ರಸ ಬತ್ತಿಸಿ ಮಾಡಿದ ಕಪ್ಪು ಪಾಕದ ಶೀಶೆಯೂ ಸಿಗುತ್ತದೆ. ಬದನೆಕಾಯಿ ಪಲ್ಯಕ್ಕೆ ಹುಣಸೆಹುಳಿ ಬದಲು ಒಂದು ಚಮಚ ಹಾಕಿ ನೋಡಿ, ಹುಳಿ ಸಿಹಿ ಎರಡೂ ಹದವಾಗಿ ಬರುತ್ತದೆ. ತೂಕ ಪೌಂಡ್ ಲೆಕ್ಕದಲ್ಲಿ, ಒಂದು ಪೌಂಡ್ ಅಂದರೆ ಸುಮಾರು 450 ಗ್ರಾಂ. ಶನಿವಾರ ಬಿಟ್ಟು ವಾರದ ನಡುವೆ ಬೆಳಿಗ್ಗೆ ಹೋಗಿ, ಮಾತಾಡಿಸಿ ಆರಿಸಿಕೊಡಲು ಅವರಿಗೂ ಪುರಸೊತ್ತಿರುತ್ತದೆ.