ಫ್ರಾಂಕ್‌ಫರ್ಟ್–ಪ್ಯಾರಿಸ್ ರೈಲು: ಆರು ವರ್ಷ ಓಡಾಡಿದ ಮೇಲೆ

ನಮ್ಮಕ್ಕ ಇರುವುದು ಪ್ಯಾರಿಸ್‌ನಲ್ಲಿ. ನಾನಿರುವುದು ಫ್ರಾಂಕ್‌ಫರ್ಟ್ ಹತ್ತಿರದ ಒಂದು ಸಣ್ಣ ಊರಿನಲ್ಲಿ. ವರ್ಷಕ್ಕೆ ನಾಲ್ಕೈದು ಸಲ ಹೋಗಿಬರುತ್ತೇನೆ. ಮೊದಲ ಸಲ ವಿಮಾನದಲ್ಲಿ ಹೋಗಿದ್ದೆ. ಹಾರಾಟ ಸುಮಾರು ಒಂದೂಕಾಲು ಗಂಟೆ ಅಷ್ಟೇ, ಆದರೆ ನನ್ನ ಮನೆಬಾಗಿಲಿಂದ ಅಕ್ಕನ ಮನೆಬಾಗಿಲಿಗೆ ಆರು ಗಂಟೆ ಹಿಡಿಯಿತು. ಕೈಚೀಲದಲ್ಲಿ 100 ಮಿಲಿಗಿಂತ ಜಾಸ್ತಿ ದ್ರವ ಇರಬಾರದು ಎನ್ನುವುದು ಮರೆತು, ಅಮ್ಮ ಕೊಟ್ಟ ಮಾವಿನ ಮಿಡಿ ಉಪ್ಪಿನಕಾಯಿ ಅಲ್ಲೇ ಬಿಟ್ಟುಬಂದೆ. ಅವತ್ತಿನಿಂದ ರೈಲೇ.

ನೇರ ರೈಲು ನಾಲ್ಕು ಗಂಟೆಯೊಳಗೆ ಮುಟ್ಟಿಸುತ್ತದೆ. ಎರಡು ದಾರಿ ಇವೆ. ಒಂದು ಮ್ಯಾನ್‌ಹೈಮ್, ಜಾರ್‌ಬ್ರೂಕನ್ ಮೇಲೆ, ಇನ್ನೊಂದು ಸ್ಟ್ರಾಸ್‌ಬರ್ಗ್ ಮೇಲೆ. ನನಗೆ ಮೊದಲನೆಯದೇ ಇಷ್ಟ. ಮ್ಯಾನ್‌ಹೈಮ್ ದಾಟಿದ ಮೇಲೆ ರೈಲು ಕಾಡು, ಸುರಂಗ, ತಿರುವುಗಳ ನಡುವೆ ನಿಧಾನ ಹೋಗುತ್ತದೆ. ಸಕಲೇಶಪುರ ಘಾಟಿ ನೋಡಿದವರಿಗೆ ಇದೇನು ದೊಡ್ಡದಲ್ಲ ಬಿಡಿ, ಆದರೂ ಚೆನ್ನಾಗಿದೆ. ಇದೇನಾ ಹೈಸ್ಪೀಡ್ ರೈಲು ಅಂತ ಮೊದಲ ಸಲ ನನಗೂ ಅನ್ನಿಸಿತ್ತು. ಗಡಿ ದಾಟಿ ಅರ್ಧ ಗಂಟೆಯಲ್ಲಿ, 2007ರಲ್ಲಿ ಶುರುವಾದ ಫ್ರಾನ್ಸ್‌ನ ಹೊಸ ಹಳಿ ಸಿಗುತ್ತದೆ. ಅಲ್ಲಿಂದ ಗಂಟೆಗೆ 320 ಕಿ.ಮೀ. ಟೇಬಲ್ ಮೇಲಿನ ಕಾಫಿ ತುಳುಕುವುದಿಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ ಇದೇ ಹಳಿಯ ಮೇಲೆ ಒಂದು ಟಿಜಿವಿ (ಫ್ರಾನ್ಸ್‌ನ ಹೈಸ್ಪೀಡ್ ರೈಲು) 574.8 ಕಿ.ಮೀ. ವೇಗದಲ್ಲಿ ಓಡಿ ದಾಖಲೆ ಮಾಡಿತ್ತು.

ಗಡಿ ಬಂದದ್ದು ಗೊತ್ತಾಗುವುದು ಮೊಬೈಲ್‌ಗೆ ಬರುವ ಮೆಸೇಜಿನಿಂದ. ಆದರೆ ಎರಡು ದೇಶದ ಕರೆಂಟೇ ಬೇರೆ: ಜರ್ಮನಿಯಲ್ಲಿ 15 ಸಾವಿರ ವೋಲ್ಟ್, ಫ್ರಾನ್ಸ್‌ನ ಈ ಕಡೆ 25 ಸಾವಿರ. ಸಿಗ್ನಲ್ಲೂ ಬೇರೆ. ಎರಡಕ್ಕೂ ಹೊಂದುವ ರೈಲು ಮಾತ್ರ ಇಲ್ಲಿ ಓಡಬಹುದು. ಹಾಗಾಗಿ ಒಂದು ಕೆಟ್ಟರೆ ಬದಲಿ ರೈಲು ಸುಲಭವಾಗಿ ಸಿಗುವುದಿಲ್ಲ. ಇನ್ನೊಂದು ತಮಾಷೆ: ಫ್ರಾನ್ಸ್‌ನಲ್ಲಿ ರೈಲು ಎಡಗಡೆ ಓಡುತ್ತದೆ, ಆದರೆ ಗಡಿ ಪಕ್ಕದ ಅಲ್ಸಾಸ್, ಮೋಸೆಲ್ ಕಡೆಯ ಹಳೆಯ ಹಳಿಗಳಲ್ಲಿ ಬಲಗಡೆ. 1871ರಿಂದ 1918ರವರೆಗೆ ಆ ಭಾಗ ಜರ್ಮನಿಯ ಕೈಯಲ್ಲಿತ್ತಲ್ಲ, ಆ ಅಭ್ಯಾಸ ಹಾಗೇ ಉಳಿದಿದೆ.

ಎರಡೂ ಷೆಂಗೆನ್ ದೇಶಗಳು, ಅಂದರೆ ಒಳಗಡಿಗಳಲ್ಲಿ ಸಾಮಾನ್ಯವಾಗಿ ತಪಾಸಣೆ ಇಲ್ಲದ ಒಪ್ಪಂದದವು, ಅಂತ ಪಾಸ್‌ಪೋರ್ಟ್ ಮನೆಯಲ್ಲಿ ಬಿಟ್ಟು ಬರಬೇಡಿ. 2024ರ ಸೆಪ್ಟೆಂಬರ್‌ನಿಂದ ಜರ್ಮನಿ ತನ್ನ ಎಲ್ಲ ಗಡಿಗಳಲ್ಲೂ ತಪಾಸಣೆ ಶುರುಮಾಡಿದೆ. ವಾಪಸ್ ಬರುವಾಗ ನನ್ನ ಪಾಸ್‌ಪೋರ್ಟು, ರೆಸಿಡೆನ್ಸ್ ಕಾರ್ಡು ಎರಡನ್ನೂ ಮೂರು ಸಲ ಕೇಳಿದ್ದಾರೆ. ಐದು ನಿಮಿಷದ ಕೆಲಸ.

ನನಗೆ ತಲೆನೋವಾಗಿದ್ದು ಗಡಿಯಲ್ಲ, ಟಿಕೆಟ್. ಒಂದು ಸಲ ಸ್ವಲ್ಪ ಕಡಿಮೆ ಆಗುತ್ತದೆ ಅಂತ ನಮ್ಮೂರಿಂದ ಮ್ಯಾನ್‌ಹೈಮ್‌ಗೆ ಒಂದು ಟಿಕೆಟ್, ಅಲ್ಲಿಂದ ಪ್ಯಾರಿಸ್‌ಗೆ ಬೇರೆ ಟಿಕೆಟ್ ತೆಗೆದೆ. ಮೊದಲ ರೈಲು ಮುಕ್ಕಾಲು ಗಂಟೆ ತಡ. ಪ್ಯಾರಿಸ್ ರೈಲು ಹೋಗಿಯೇಬಿಟ್ಟಿತ್ತು. ಕೌಂಟರ್‌ನಲ್ಲಿ ಕೇಳಿದರೆ, ಎರಡೂ ಬೇರೆ ಬೇರೆ ಪ್ರಯಾಣ, ನಾವೇನೂ ಮಾಡೋಕಾಗಲ್ಲ ಅಂದರು. ಹನ್ನೊಂದು ಯೂರೋ ಉಳಿಸೋಕೆ ಹೋಗಿ ತೊಂಬತ್ತೆಂಟು ಯೂರೋ ಕಳೆದುಕೊಂಡೆ. ಒಂದೇ ಟಿಕೆಟ್ ಆಗಿದ್ದರೆ ಮುಂದಿನ ರೈಲಿಗೆ ಹತ್ತಿಸುವುದು ಅವರ ಜವಾಬ್ದಾರಿ ಆಗುತ್ತಿತ್ತು. ಊರು ತಲುಪುವುದು ಒಂದು ಗಂಟೆ ತಡವಾದರೆ 25%, ಎರಡು ಗಂಟೆ ತಡವಾದರೆ 50% ಹಣ ವಾಪಸ್ ಕೇಳಬಹುದು ಅಂತ ಯುರೋಪಿಯನ್ ಒಕ್ಕೂಟದ ನಿಯಮ ಇದೆ. ವಿಪರೀತ ಹವಾಮಾನದಂಥ ಕಾರಣ ಇದ್ದರೆ ಸಿಗುವುದಿಲ್ಲ. ನಾನು ಎರಡು ಸಲ ಕೇಳಿದ್ದೇನೆ, ಎರಡು ಸಲವೂ ಬಂದಿದೆ, ಆದರೆ ಸುಮ್ನೆ ಬರಲಿಲ್ಲ. ಫಾರ್ಮ್ ತುಂಬಿ ವಾರಗಟ್ಟಲೆ ಕಾಯಬೇಕಾಯಿತು.

ದರದ ಬಗ್ಗೆ ಹೇಳಬೇಕೆಂದರೆ, ಎರಡು ತಿಂಗಳ ಮೊದಲೇ ತೆಗೆದಾಗ 40 ಯೂರೋಗೆ ಹೋಗಿದ್ದೇನೆ. ಕ್ರಿಸ್‌ಮಸ್‌ಗೆ ಎರಡು ದಿನ ಮೊದಲು 130 ಕೊಟ್ಟಿದ್ದೂ ಇದೆ.

ಅಪ್ಪ ಅಮ್ಮ ಬಂದಾಗ ಸ್ಟ್ರಾಸ್‌ಬರ್ಗ್ ಮೇಲೆ ಹೋಗುವ ಡಬಲ್ ಡೆಕ್ಕರ್ ಟಿಜಿವಿಯಲ್ಲಿ ಕರೆದುಕೊಂಡು ಹೋಗಿದ್ದೆ. ನೋಟ ಚೆನ್ನಾಗಿರುತ್ತೆ ಅಂತ ಮೇಲಿನ ಸೀಟು ತೆಗೆದದ್ದು ನನ್ನದೇ ತಪ್ಪು. ಮೆಟ್ಟಿಲು ಕಿರಿದು, ಅಮ್ಮನಿಗೆ ಮಂಡಿನೋವು, ಎರಡು ದೊಡ್ಡ ಸೂಟ್‌ಕೇಸು ಬೇರೆ. ವಯಸ್ಸಾದವರು ಜೊತೆಗಿದ್ದರೆ ಕೆಳಗಿನ ಸೀಟನ್ನೇ ಆರಿಸಿ. ಚಿತ್ರಾನ್ನದ ಡಬ್ಬಿ ತೆಗೆದು ತಿಂದೆವು, ಯಾರೂ ಏನೂ ಅನ್ನಲಿಲ್ಲ. ಪ್ಯಾರಿಸ್‌ನಿಂದ ಲಂಡನ್‌ಗೂ ಹೋಗಿಬರೋಣ ಅಂತ ಅಪ್ಪನ ಆಸೆ. ಷೆಂಗೆನ್ ವೀಸಾ 29 ದೇಶಗಳಿಗೆ ನಡೆಯುತ್ತೆ, ಬ್ರಿಟನ್‌ಗೆ ನಡೆಯಲ್ಲ. ಅಲ್ಲಿಗೆ ಬೇರೆ ವೀಸಾ ಬೇಕು, ರೈಲು ಹತ್ತುವ ಮೊದಲೇ ಪಾಸ್‌ಪೋರ್ಟ್ ತಪಾಸಣೆ ಆಗುತ್ತದೆ.

ರೈಲು ಇಳಿಯುವುದು ಊರೊಳಗಿನ ಗಾರ್ ದ ಲೆಸ್ಟ್ ನಿಲ್ದಾಣದಲ್ಲಿ. ಅಲ್ಲಿಂದ ಉತ್ತರಕ್ಕೆ ಸುಮಾರು ಕಾಲು ಗಂಟೆ ನಡೆದರೆ ಲಾ ಶಾಪೆಲ್. ಶ್ರೀಲಂಕಾ ತಮಿಳರ ಅಂಗಡಿ, ಹೋಟೆಲುಗಳ ಸಾಲೇ ಇದೆ. ದೋಸೆ ತಿಂದು, ಕರಿಬೇವು ಕಟ್ಟಿಸಿಕೊಂಡೇ ಅಕ್ಕನ ಮನೆಗೆ ಹೋಗುವುದು. ಉಪ್ಪಿನಕಾಯಿ ಈಗ ಬ್ಯಾಗಲ್ಲೇ ಇರುತ್ತದೆ.